ಯಜಮಾನನಿಗೆ ಹಾಸಿಗೆ

ಸೆಪ್ಟೆಂಬರ್ 4

ಚೂಟಿಗೆ,

ನಿನ್ನ ಪತ್ರ ಸೋಮವಾರ ಬಂತು. ಓದಿ ಮುಗಿಸುವಷ್ಟರಲ್ಲಿ ಗುರುವಾರ ಆಯಿತು. ಏನು ಅಕ್ಷರವೇ ಅದು! ಕಾಗೆ ಕಾಲು ಗುಬ್ಬಿ ಕಾಲು ಅನ್ನೋಣವೆಂದರೆ ಆ ಹಕ್ಕಿಗಳೂ ಬೇಜಾರು ಮಾಡಿಕೊಂಡಾವು. ಅಮ್ಮ ಹೋದ ಮೇಲೆ ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನು. ನಾನು ಹೈಸ್ಕೂಲಿಗೇ ನಿಂತು ನಿನ್ನನ್ನು ಕಾಲೇಜಿಗೆ ಕಳಿಸಿದೆ. ಕಾಲೇಜು ಓದಿದವಳು ಹೀಗೆ ಬರೆದರೆ ಅವಮಾನ ನನಗೆ.

ಇರಲಿ, ವಿಷಯಕ್ಕೆ ಬರುತ್ತೇನೆ. ಇಷ್ಟು ವರ್ಷ ಆ ಹಿಮದಲ್ಲಿ ನಾಯಿಗಳನ್ನು ಬಂಡಿಗೆ ಕಟ್ಟಿ ಓಡಿಸಿದೆ. ಈಗ ಬಂಡಿ ನಿಲ್ಲಿಸಿದ್ದೀಯ. ಮಿಕ್ಕ ನಾಯಿಗಳಿಗೆಲ್ಲ ಜಾಗ ಸಿಕ್ಕಿತು, ಮುಂದಾಳು ನಾಯಿಗೆ ಸಿಗಲಿಲ್ಲ, ಅದನ್ನು ನಾನು ಸಾಕಬೇಕು. ಇಷ್ಟೇ ತಾನೆ ನೀನು ಬರೆದದ್ದು? ಬಂಡಿ ಯಾಕೆ ನಿಲ್ಲಿಸಿದೆ ಅನ್ನುವುದಕ್ಕೆ ಒಂದು ಸಾಲೂ ಇಲ್ಲ. ಬೇಡವೆಂದಾಗ ಶುರು ಮಾಡಿದೆ, ಕೇಳದೆ ನಿಲ್ಲಿಸಿದೆ.

ನಮ್ಮ ಮನೆ ನಿನಗೆ ಗೊತ್ತಿದೆ. ಮುಂದಿನ ಕೋಣೆ ಹಾಸಿಗೆ ಅಂಗಡಿ, ಹಿಂದಿನದು ಸಂಸಾರ. ಎಲ್ಲಿ ನೋಡಿದರೂ ಹತ್ತಿ. ಹೊಲಿಯುವ ಹೆಂಗಸರು ಚಹಾ ಕುಡಿಯುತ್ತ ಹರಟೆಗೆ ಕೂತರೆ ನಾನು ಈಗಲೂ ಚಪ್ಪಾಳೆ ತಟ್ಟಿಯೇ ಎಬ್ಬಿಸುತ್ತೇನೆ. ನಾಯಿಯಾಗಲಿ, ಸೊಸೆಯಾಗಲಿ, ಇಲ್ಲಿನ ಶಿಸ್ತಿಗೆ ಒಗ್ಗಬೇಕು.

ವರ್ಷ ಮುಗಿಯುವವರೆಗೆ ನೋಡುತ್ತೇನೆ. ಹೊಂದಿಕೊಂಡರೆ ಸರಿ, ಇಲ್ಲದಿದ್ದರೆ ವಾಪಸು. ಅದರ ಹೆಸರು ಯಜಮಾನ ಅಂತ ಬರೆದಿದ್ದೀಯ. ಈ ಮನೆಯಲ್ಲಿ ಆ ಹುದ್ದೆ ಖಾಲಿ ಇಲ್ಲ.

ಅಕ್ಕ


ಸೆಪ್ಟೆಂಬರ್ 19

ಅಕ್ಕಾ,

ನೀನು ಬೈದದ್ದನ್ನೆಲ್ಲ ಬಿಟ್ಟು, ಒಪ್ಪಿದ ಸಾಲನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಅಕ್ಷರದ ಬಗ್ಗೆ ಬೇಜಾರು ಮಾಡಿಕೊಳ್ಳಬೇಡ. ಕೈಗವಸು ಹಾಕಿಕೊಂಡು ಬರೆಯುತ್ತಿದ್ದೇನೆ.

ಬಂಡಿ ನಿಲ್ಲಿಸಿದ್ದು ಸಾಕೆನಿಸಿ. ಬೇರೆ ಏನಿಲ್ಲ.

ಹೊಸ ಬಂಡಿಯವನು ಬಂದು ಎಲ್ಲರನ್ನೂ ಕರೆದೊಯ್ದ. ಯಜಮಾನ ಮಾತ್ರ ಅವನು ಏನು ಮಾಡಿದರೂ ಏಳಲಿಲ್ಲ, ಅವನ ಮುಖ ನೋಡುತ್ತ ಕೂತುಬಿಟ್ಟ. ಓಡದ ಮುಂದಾಳಿಗೆ ಇಲ್ಲಿ ಯಾರೂ ಅನ್ನ ಹಾಕುವುದಿಲ್ಲ. ವಾಪಸು ಅಂತ ಸುಲಭವಾಗಿ ಬರೆದೆ. ವಾಪಸು ಬಂದರೆ ಅವನಿಗೆ ಜಾಗವಿಲ್ಲ ಅಕ್ಕಾ. ಅದೊಂದು ನೆನಪಿರಲಿ.

ಅವನು ಹುಟ್ಟಿದ ಮೇಲೆ ಮನೆಯೊಳಗೆ ಕಾಲಿಟ್ಟವನಲ್ಲ. ಮೆಟ್ಟಿಲು ಗೊತ್ತಿಲ್ಲ, ಗಾಜು ಗೊತ್ತಿಲ್ಲ, ಕನ್ನಡಿ ಕಂಡರೆ ಜಗಳಕ್ಕೆ ಹೋಗುತ್ತಾನೆ. ನುಣುಪು ನೆಲದ ಮೇಲೆ ಜಾರುತ್ತಾನೆ. ಸೆಕೆ ತಡೆಯುವುದಿಲ್ಲ, ಕಿಟಕಿ ತೆರೆದಿಡು. ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬನನ್ನೇ ಬಿಡಬೇಡ. ಬೇಲಿ ಎತ್ತರ ಇದ್ದರೆ ಸಾಲದು, ಬುಡವೂ ಭದ್ರವಾಗಿರಲಿ, ತೋಡುತ್ತಾನೆ. ಮುಖ್ಯವಾಗಿ, ಹೊರಗೆ ಹಗ್ಗ ಬಿಡಬೇಡ. ಅವನಿಗೆ ಮುಂದಕ್ಕೆ ಓಡುವುದೊಂದೇ ಗೊತ್ತು, ತಿರುಗಿ ಬರುವುದು ಗೊತ್ತಿಲ್ಲ.

ನನ್ನ ಬಗ್ಗೆಯೂ ನೀನು ಇದೇ ಮಾತು ಹೇಳುತ್ತಿದ್ದೆ.

ಚೂಟಿ


ಸೆಪ್ಟೆಂಬರ್ 30

ಚೂಟಿಗೆ,

ಹಿತ್ತಿಲಿಗೆ ಬೇಲಿ ಎದ್ದಿತು. ವೆಲ್ಡರು ಅಳತೆ ತೆಗೆದು, "ಅಮ್ಮಾ, ಇದು ನಾಯಿಗೋ ಕಳ್ಳರಿಗೋ?" ಅಂದ. "ನಾಯಿಗೆ. ಕೆಲಸ ನೆಟ್ಟಗೆ ಆಗದಿದ್ದರೆ ನಿನಗೂ" ಅಂದೆ. ಮೊದಲ ಸಲ ಜಾಲರಿಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿ ಕೈ ತೊಳೆದುಕೊಳ್ಳಲು ಹೊರಟಿದ್ದ. ಬಿಚ್ಚಿಸಿದೆ. ಈಗ ಜಾಲರಿ ಮಣ್ಣಿನೊಳಗೆ ಒಂದು ಮೊಳ ಇಳಿದಿದೆ, ಅದರ ಮೇಲೆ ಕಲ್ಲು.

ಮೆಟ್ಟಿಲ ಬುಡಕ್ಕೆ ತಡೆಬಾಗಿಲು ಹಾಕಿಸಿದೆ. ನಡುಮನೆಯ ನೆಲಕ್ಕೆ ಹಾಸಿಗೆಬಟ್ಟೆಯ ಚೂರುಗಳನ್ನೆಲ್ಲ ಸೇರಿಸಿ ಉದ್ದಕ್ಕೆ ಒಂದು ಹಾಸು ಹೊಲಿದೆ, ಜಾರುವುದಿಲ್ಲ. ಬೀರುವಿನ ಕನ್ನಡಿಗೆ ಪರದೆ ಕಟ್ಟಿದೆ. "ಅತ್ತೆ, ಇನ್ನು ನಾನು ತಲೆ ಬಾಚಿಕೊಳ್ಳೋದೆಲ್ಲಿ?" ಅಂದಳು ಸೊಸೆ. "ನಾಯಿ ಬಂದ ಮೇಲೆ ನಿನ್ನ ತಲೆ ಯಾರು ನೋಡ್ತಾರೆ?" ಅಂದೆ. ಅವಳು ಮೂತಿ ಉಬ್ಬಿಸಿಕೊಂಡು ಹೋಗಿ ಸ್ಟೀಲ್ ತಟ್ಟೆಯಲ್ಲಿ ಮುಖ ನೋಡಿಕೊಂಡು ಬಾಚಿದಳು.

ಹಾಸಿಗೆಯನ್ನು ನಾನೇ ಹೊಲಿದೆ. ಗಟ್ಟಿ ಪಟ್ಟೆಬಟ್ಟೆ, ಹೊಸ ಹತ್ತಿ, ಅಂಚಿಗೆ ಎರಡು ಸುತ್ತು ಹೊಲಿಗೆ. ಹೊಲಿಯುವ ಹೆಂಗಸರು ಮುಟ್ಟಿ ಮುಟ್ಟಿ ನೋಡಿದರು. ದೊಡ್ಡಾಸ್ಪತ್ರೆಯ ಡಾಕ್ಟರ ಮನೆಗೂ ಇಂಥದ್ದು ಹೋಗಿಲ್ಲ.

ನಾಯಿ ಯಾವಾಗ ಬರುತ್ತದೆ? ಬರೆಯುವಾಗ ಕೈಗವಸು ತೆಗೆ. ಒಲೆಯ ಪಕ್ಕ ಕೂತು ಬರೆಯುವವಳಿಗೆ ಕೈಗವಸು ಯಾಕೆ? ನಾಲ್ಕು ಸಾಲು ನನಗಾಗಿ ಚಳಿ ತಡೆದುಕೊಳ್ಳಲಾರೆಯಾ?

ಅಕ್ಕ


ಅಕ್ಟೋಬರ್ 14

ಚೂಟಿಗೆ,

ಉತ್ತರವಿಲ್ಲ. ನಿನ್ನ ಆ ಮೂಲೆಗೆ ಫೋನು ಹತ್ತುವುದಿಲ್ಲ ಅನ್ನುವುದು ನಿನಗೆ ಒಳ್ಳೆಯ ಅನುಕೂಲ.

ಮನೆ ಸಿದ್ಧವಾಗಿ ಎಷ್ಟೋ ದಿನವಾಯಿತು. ಸಿದ್ಧವಾದ ಮನೆಯಲ್ಲಿ ಕೂರುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಹಿತ್ತಿಲಿಗೆ ಹೋಗಿ ಜಾಲರಿ ಅಲ್ಲಾಡಿಸಿ ನೋಡುತ್ತೇನೆ, ಒಳಗೆ ಬಂದು ಹಾಸನ್ನು ನೆಟ್ಟಗೆ ಮಾಡುತ್ತೇನೆ, ಕಿಟಕಿ ತೆರೆಯುತ್ತೇನೆ, ಹತ್ತಿ ಹಾರುತ್ತದೆ ಅಂತ ಮುಚ್ಚುತ್ತೇನೆ. ನಿನ್ನೆ ಒಂದು ದಿಂಬಿಗೆ ಬಾಯಿ ಹೊಲಿದ ಮೇಲೆ ಒಳಗೆ ಹತ್ತಿಯೇ ತುಂಬಿಲ್ಲ ಅಂತ ಗೊತ್ತಾಯಿತು. ಹೊಲಿಯುವ ಹೆಂಗಸರು ತಲೆ ಬಗ್ಗಿಸಿ ನಕ್ಕರು. ನಾನು ನೋಡಿದೆ.

ಬೀದಿಯಲ್ಲಿ ಲಾರಿ ನಿಂತರೆ ಸಾಕು, ಮೊಮ್ಮಗಳು "ಅಜ್ಜೀ, ಯಜಮಾನ ಬಂದ" ಅಂತ ಓಡುತ್ತಾಳೆ. ಎದುರುಮನೆ ಔಷಧಿ ಅಂಗಡಿಯವರು, "ಏನಮ್ಮಾ, ಈ ವಯಸ್ಸಲ್ಲಿ ಯಜಮಾನರ ದಾರಿ ಕಾಯ್ತಿದ್ದೀರಂತೆ" ಅಂದರು. ಇದೆಲ್ಲ ನಿನ್ನಿಂದ.

ಕಳಿಸುವುದಾದರೆ ಕಳಿಸು. ಮನಸ್ಸು ಬದಲಾಗಿದ್ದರೆ ಅದನ್ನಾದರೂ ಬರಿ.

ಅಕ್ಕ


ಅಕ್ಟೋಬರ್ 16

ಅಕ್ಕಾ,

ಯಜಮಾನನನ್ನು ಇವತ್ತು ತುಪ್ಪಳ ಹೊತ್ತು ನಿಮ್ಮ ಕಡೆ ಬರುವ ಲಾರಿಗೆ ಹತ್ತಿಸಿದೆ. ಡ್ರೈವರು ಒಳ್ಳೆಯವನು, ನಿಲ್ಲಿಸಿದಲ್ಲೆಲ್ಲ ನೀರು ಕೊಡುತ್ತಾನೆ. ತಡವಾದದ್ದು ನನ್ನಿಂದಲೇ. ಎರಡು ಲಾರಿ ಹೋಗಲು ಬಿಟ್ಟೆ.

ಬಂಡಿ ಎಳೆಯುವಾಗ ತೊಡಿಸುತ್ತಿದ್ದ ಎದೆಪಟ್ಟಿಯನ್ನೂ ಹಾಕಿಯೇ ಕಳಿಸಿದ್ದೇನೆ. ಕೊರಳಿಗೆ ಹಗ್ಗ ಕಟ್ಟಬೇಡ, ಎದೆಪಟ್ಟಿಗೆ ಕಟ್ಟು. ಹಳೆಯದು, ನನ್ನ ಹೊಲಿಗೆ, ನಗಬೇಡ.

ಇನ್ನೊಂದು ವಿಷಯ ಹೇಳಬೇಕಿತ್ತು. ಹೇಳಿದರೆ ನೀನು ಇಡೀ ಬೀದಿಗೆ ಕೇಳುವ ಹಾಗೆ ಆಡಿಕೊಳ್ಳುತ್ತೀಯ. ಅಲ್ಲಿ ಹಿಮವಿಲ್ಲ, ಬಂಡಿಯಿಲ್ಲ, ಅದರ ಅಗತ್ಯವೂ ಬೀಳಲಿಕ್ಕಿಲ್ಲ. ಬಿಡು.

ಲಾರಿ ತಿರುವಿನವರೆಗೆ ಕಾಣುತ್ತಿತ್ತು. ಅವನು ಒಂದು ಸಲವೂ ತಿರುಗಿ ನೋಡಲಿಲ್ಲ. ನಾನೇ ಹಾಗೆ ಕಲಿಸಿದ್ದು.

ಚೂಟಿ


ಅಕ್ಟೋಬರ್ 27

ಚೂಟಿಗೆ,

ಬಂದ. ನಾನು ನಾಯಿ ಅಂದುಕೊಂಡಿದ್ದೆ, ಇವನೊಂದು ಕರು. ಒಂದು ಕಣ್ಣು ನೀಲಿ, ಒಂದು ಕಂದು. ನೀಲಿ ಕಣ್ಣಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನೂ ನೋಡಿದೆ.

ಹೊಸ್ತಿಲ ಮುಂದೆ ಬಂದು ನಿಂತುಬಿಟ್ಟ. ಮಗ ಎಳೆದ, ಮೊಮ್ಮಗಳು ಬಿಸ್ಕತ್ತು ತೋರಿಸಿದಳು, ಸೊಸೆ ಹಿಂದಿನಿಂದ ತಳ್ಳಿದಳು. ಜಪ್ಪಯ್ಯ ಅಂದರೂ ಕದಲಲಿಲ್ಲ. ಕೊನೆಗೆ ನಾನು ಸುಮ್ಮನೆ ಒಳಗೆ ನಡೆದೆ. ಹಿಂದೆಯೇ ಬಂದ.

ಬಂದವನು ಒಂದು ಕಡೆ ನಿಲ್ಲುವುದಿಲ್ಲ. ಹಿತ್ತಿಲ ಬಾಗಿಲಿಂದ ನಡುಮನೆ, ನಡುಮನೆಯಿಂದ ಹಿತ್ತಿಲ ಬಾಗಿಲು. ಊಟದ ತಟ್ಟೆ ಮೂಸಿ ನೋಡಿ ಮತ್ತೆ ನಡಿಗೆ. ನನ್ನ ಹಾಸು ಅವನ ಉಗುರಿಗೆ ಸವೆದು ಹೋಗುತ್ತಿದೆ. ಅವನು ನಡೆಯುತ್ತಿದ್ದರೆ ನನಗೂ ಕೂರಲಾಗುವುದಿಲ್ಲ. "ಇಬ್ಬರಲ್ಲಿ ಯಾರಾದರೂ ಒಬ್ಬರು ಕೂತ್ಕೊಳ್ಳಿ, ನನಗೆ ತಲೆ ಸುತ್ತುತ್ತೆ" ಅನ್ನುತ್ತಾಳೆ ಸೊಸೆ. ಬೆಳಿಗ್ಗೆ ಅಂಗಡಿಯಲ್ಲಿ ಕೆಲಸ ಶುರುವಾಗುವ ಹೊತ್ತಿಗೆ ಸರಿಯಾಗಿ ಹುಚ್ಚು ಹಿಡಿದವನ ಹಾಗೆ ಬೇಲಿಗೆ ನುಗ್ಗುತ್ತಾನೆ. ಯಾಕೋ ಗೊತ್ತಿಲ್ಲ.

ಹಾಸಿಗೆಯ ಕಥೆ ಕೇಳು. ನಾನು ಹೊಲಿದ ಹಾಸಿಗೆಯನ್ನು ನಿನ್ನೆ ಹರಿದು ಹಾಕಿದ. ಎರಡು ಸುತ್ತಿನ ಅಂಚು, ಹಲ್ಲಿಟ್ಟು ಸೀಳಿದ್ದಾನೆ. ನಾನು ಬೆತ್ತ ಹುಡುಕಿಕೊಂಡು ಹೋದೆ. ಹೋಗಿ ನೋಡಿದರೆ ಹತ್ತಿಯನ್ನೆಲ್ಲ ಎಳೆದು ಹರಡಿ, ಅದರ ನಡುವೆ ಗುಂಡಿ ತೋಡಿಕೊಂಡು, ಸುರುಳಿ ಸುತ್ತಿ, ಬಾಲವನ್ನು ಮೂಗಿನ ಮೇಲೆ ಹಾಕಿಕೊಂಡು ಮಲಗಿದ್ದಾನೆ. ಬಂದ ಮೇಲೆ ಮೊದಲ ಸಲ ಕಣ್ಣು ಮುಚ್ಚಿದ್ದ. ಮೂಗಿನ ತುದಿಯಲ್ಲಿ ಒಂದು ಎಳೆ ಹತ್ತಿ, ಉಸಿರಿಗೆ ಏಳುವುದು, ಬೀಳುವುದು.

ಬೆತ್ತವನ್ನು ಇಟ್ಟಲ್ಲೇ ಇಟ್ಟೆ. ಹತ್ತಿ ಗುಡಿಸಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಇದನ್ನು ಶಿಸ್ತು ಸಡಿಲಿಸಿದ್ದು ಅಂತ ತಿಳಿಯಬೇಡ.

ಅಕ್ಕ


ನವೆಂಬರ್ 8

ಚೂಟಿಗೆ,

ಎಲ್ಲ ಚೆನ್ನಾಗಿದೆ. ಅವನು ಚೆನ್ನಾಗಿದ್ದಾನೆ, ಉಣ್ಣುತ್ತಾನೆ. ನಾನೂ ಚೆನ್ನಾಗಿದ್ದೇನೆ.

ಅಕ್ಷರ ಸೊಟ್ಟಗಿದ್ದರೆ ಕನ್ನಡಕ ರಿಪೇರಿಗೆ ಹೋಗಿದೆ ಅಂತ ತಿಳಿ.

ಅವನು ಓಡುತ್ತಿರುವಾಗ ನಿಲ್ಲಿಸಲು ಏನನ್ನಬೇಕು? ಸುಮ್ಮನೆ ಕೇಳಿದೆ.

ಅಕ್ಕ


ನವೆಂಬರ್ 20

ಅಕ್ಕಾ,

ಕನ್ನಡಕವಿಲ್ಲದೆ ಬರೆದರೆ ಅಕ್ಷರ ದೊಡ್ಡದಾಗುತ್ತದೆ. ನಿನ್ನದು ಎಡಕ್ಕೆ ವಾಲಿದೆ, ಕಾಗದದ ಉದ್ದಕ್ಕೂ ಎಡಗೈ ಒರಸಿದ ಶಾಯಿ. ಬಲಗೈಗೆ ಏನಾಗಿದೆ? ಸುಳ್ಳು ಹೇಳಬೇಡ.

ನೀನು ಚಪ್ಪಾಳೆ ತಟ್ಟಿದೆ ಅಲ್ಲವಾ? ಕೈಗೆ ಹಗ್ಗ ಸುತ್ತಿಕೊಂಡು?

ಹೇಳಬೇಕಿದ್ದದ್ದು, ನಾಚಿಕೆಯಿಂದ ನುಂಗಿಕೊಂಡದ್ದು ಇದೇ. ಚಿಕ್ಕವಳಿದ್ದಾಗ ನಾನು ಬೀದಿಯಲ್ಲಿ ಕಲ್ಲು ಆರಿಸುತ್ತ ನಿಂತರೆ ನೀನು ಬಾಗಿಲಲ್ಲಿ ನಿಂತು ತಟ್ಟುತ್ತಿದ್ದೆ. ಎರಡು ಚಟಪಟ, ಒಂದು ಗಳಿಗೆ ತಡೆದು ಒಂದು ಜೋರು. ಅದು ಕೇಳಿದರೆ ನನ್ನ ಕಾಲು ತಾನಾಗಿ ಶಾಲೆಯ ಕಡೆ ಓಡುತ್ತಿತ್ತು. ಇಲ್ಲಿ ಮೊದಲ ವರ್ಷ ನಾಯಿಗಳು ಯಾವ ಕೂಗಿಗೂ ಏಳದೆ ನನ್ನನ್ನು ಅಳಿಸಿದಾಗ, ಸಿಟ್ಟಿನಲ್ಲಿ ನಿನ್ನ ಹಾಗೆ ತಟ್ಟಿದೆ. ಎಲ್ಲವೂ ಒಟ್ಟಿಗೆ ಎದ್ದವು. ಅವತ್ತಿನಿಂದ ನನ್ನ ಬಂಡಿ ಹೊರಡುತ್ತಿದ್ದದ್ದೇ ನಿನ್ನ ಚಪ್ಪಾಳೆಗೆ. ಹೊಸ ಬಂಡಿಯವನಿಗೂ ಹೇಳಿಕೊಟ್ಟೆ. ಅವನು ತಟ್ಟಿದರೆ ರೊಟ್ಟಿ ತಟ್ಟಿದ ಹಾಗಿರುತ್ತಿತ್ತು. ಯಜಮಾನ ಒಪ್ಪಲಿಲ್ಲ.

ನಿನ್ನ ಬೆನ್ನ ಹಿಂದೆ ಇಷ್ಟು ವರ್ಷ ನಿನ್ನನ್ನು ಅಣಕಿಸಿಯೇ ಬದುಕಿದೆ ಅಂತ ಹೇಗೆ ಬರೆಯಲಿ?

ಅವನು ಮಾತಿಗೆ ನಿಲ್ಲುವುದಿಲ್ಲ ಅಕ್ಕಾ. ಹಿಂದೆ ಭಾರ ಬಿದ್ದರೆ ನಿಲ್ಲುತ್ತಾನೆ.

ಆಗದಿದ್ದರೆ ಅದೇ ಲಾರಿಗೆ ಹತ್ತಿಸು. ಏನಾದರೂ ಮಾಡುತ್ತೇನೆ.

ಚೂಟಿ


ಡಿಸೆಂಬರ್ 1

ಚೂಟಿಗೆ,

ಸರಿ, ಮಣಿಕಟ್ಟು ಮುರಿದಿದೆ. ಸಂತೆಗೆ ಹೊರಟಿದ್ದೆ, ಅವನ ಹಗ್ಗ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ, ಹತ್ತಿ ಮೂಟೆಯ ಹಗ್ಗ ಸುತ್ತಿಕೊಳ್ಳುವ ಹಾಗೆ. ಸೊಸೆ ಬಳೆ ಅಂಗಡಿಯ ಮುಂದೆ ಬೇರು ಬಿಟ್ಟು ನಿಂತಳು. ತಟ್ಟಿದೆ. ಮೂರನೆಯದು ಪೂರ್ತಿಯಾಗುವ ಮೊದಲೇ ನಾನು ಬೀದಿಯಲ್ಲಿ ಅಂಗಾತ. ಹೌದು, ಭಾರ ಬಿದ್ದ ಮೇಲೆ ನಿಂತ. ಬಂದು ನನ್ನ ಮುಖದ ಹತ್ತಿರ ಕೂತ. ಯಾರನ್ನೂ ಹತ್ತಿರ ಬಿಡಲಿಲ್ಲ. ಎತ್ತಲು ಬಂದ ಔಷಧಿ ಅಂಗಡಿಯವರು ದೂರದಲ್ಲೇ ನಿಂತು, "ಯಜಮಾನರು ಅಪ್ಪಣೆ ಕೊಟ್ಟರೆ ಎತ್ತುತ್ತೀವಿ" ಅಂದರು.

ಅಣಕಿಸಿದ್ದಕ್ಕೆ ಸಿಟ್ಟಿಲ್ಲ. ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಈಗ ನಾನು ಕೇಳುವುದಕ್ಕೆ ಉತ್ತರ ಕೊಡು.

ಕೈ ಕಟ್ಟಿಸಿಕೊಂಡು ಕೂತವಳಿಗೆ ಹೊಲಿಯಲು ಆಗುವುದಿಲ್ಲ, ಬೇರೆಯವರ ಹೊಲಿಗೆ ನೋಡಬಹುದು. ಅವನ ಎದೆಪಟ್ಟಿಯನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿದೆ. ಹಳೆಯ ಹೊಲಿಗೆ ನಿನ್ನದೇ, ಸೊಟ್ಟ, ಆದರೆ ಗಟ್ಟಿ. ಬಕಲ್ಲುಗಳನ್ನೆಲ್ಲ ಕಿತ್ತು ಹಾಕಿ, ಆ ಜಾಗದಲ್ಲಿ ಮುಷ್ಟಿ ತೂರುವಷ್ಟು ದೊಡ್ಡ ಕುಣಿಕೆಗಳಿವೆ. ಅವು ಹೊಸವು. ಬೆರಳಿದ್ದವರು ಬಕಲ್ಲು ಬಿಟ್ಟು ಕುಣಿಕೆ ಹಾಕುವುದಿಲ್ಲ. ಗಂಟುಗಳ ಪಕ್ಕದಲ್ಲಿ ಪಟ್ಟಿಯ ಮೇಲೆ ಹಲ್ಲಿನ ಗುರುತು. ಯಜಮಾನನದು ಅಂದುಕೊಂಡು ಅವನ ಬಾಯಿ ತೆರೆದು ನೋಡಿದೆ. ಅವನ ಹಲ್ಲು ಅಲ್ಲ. ಮನುಷ್ಯರ ಹಲ್ಲು.

ನಾನು ಹುಡುಗಿಯಾಗಿದ್ದಾಗಿನಿಂದ ಗಂಟು ಹಾಕಿದ್ದೇನೆ ಚೂಟಿ. ಹಲ್ಲಿನಿಂದ ಯಾರು ಬಿಗಿಯುತ್ತಾರೆ ಅಂತ ನನಗೆ ಗೊತ್ತು.

ಎಷ್ಟು ಬೆರಳು?

ಅಕ್ಕ


ಡಿಸೆಂಬರ್ 12

ಅಕ್ಕಾ,

ಬಲಗೈಯಲ್ಲಿ ಹೆಬ್ಬೆರಳು ಉಳಿದಿದೆ. ಎಡಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳಿನ ಅರ್ಧ.

ಕಳೆದ ಚಳಿಗಾಲದಲ್ಲಿ. ಗಾಳಿ ಎದ್ದಿತ್ತು, ಎರಡು ನಾಯಿಗಳ ಹಗ್ಗ ಸಿಕ್ಕುಬಿದ್ದು ಒಂದರ ಕೊರಳು ಬಿಗಿಯುತ್ತಿತ್ತು. ಕೈಗವಸು ತೆಗೆಯದೆ ಬಿಚ್ಚಲು ಆಗುತ್ತಿರಲಿಲ್ಲ. ತೆಗೆದೆ. ನಾಯಿ ಉಳಿಯಿತು. ಕೈಗವಸೆರಡೂ ಗಾಳಿಗೆ ಹೋದವು, ಬೆರಳುಗಳು ಚಳಿಗೆ ಹೆಪ್ಪುಗಟ್ಟಿ ಸತ್ತವು. ಮನೆ ಮುಟ್ಟಿಸಿದವನು ಯಜಮಾನ.

ಗಾಯ ಮಾಗಿದ ಮೇಲೆ ಬಂಡಿ ಕಟ್ಟಿಸಿಕೊಂಡು ನಿಂತೆ. ತಟ್ಟಿದೆ. ಸದ್ದೇ ಬರಲಿಲ್ಲ. ಎರಡು ದಿಂಬು ಒಂದಕ್ಕೊಂದು ತಾಗಿದ ಹಾಗೆ. ನಾಯಿಗಳೆಲ್ಲ ತಿರುಗಿ ನನ್ನ ಮುಖ ನೋಡಿದವು, ಯಾವಾಗ ಹೊರಡುವುದು ಅಂತ. ಬಾಯಲ್ಲಿ ಹೇಳಿದೆ, ಕೂಗಿದೆ. ಸುಮ್ಮನೆ ನೋಡಿದವು. ಅವತ್ತೇ ಬಂಡಿ ನಿಲ್ಲಿಸಿದೆ.

ನೀನು ಏನು ಬರೆಯುತ್ತೀಯ ಅಂತ ಗೊತ್ತು. ಬರೆಯಬೇಡ. ನಿನ್ನ ಮನೆಗೆ ಬಂದು ನಾನು ಏನು ಮಾಡಲಿ? ಹಾಸಿಗೆ ಅಂಗಡಿಯಲ್ಲಿ ಸೂಜಿ ಹಿಡಿಯಲಾರದವಳು. ಬಾಗಿಲು ತೆಗೆಯಲು, ನಲ್ಲಿ ತಿರುಗಿಸಲು ಒಬ್ಬರನ್ನು ಕೂಗುತ್ತ ಕೂರಲಾರೆ. ಇಲ್ಲಿ ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ಸಾಕು.

ಯಜಮಾನನನ್ನು ಮಾತ್ರ ಕೈಬಿಡಬೇಡ.

ಚೂಟಿ


ಡಿಸೆಂಬರ್ 22

ಚೂಟಿಗೆ,

ಕಟ್ಟು ಬಿಚ್ಚಿದ ಮೇಲೆ ಬಲಗೈಯಲ್ಲಿ ಬರೆಯುತ್ತಿರುವ ಮೊದಲ ಪತ್ರ. ಕೈ ನಡುಗುತ್ತದೆ. ನಿನ್ನ ಅಕ್ಷರದ ಬಗ್ಗೆ ಬರೆದದ್ದು ಬರೆದಾಯಿತು.

ವರ್ಷ ಮುಗಿಯುತ್ತಿದೆ, ನಾಯಿಯ ತೀರ್ಮಾನ ತಿಳಿಸಬೇಕಲ್ಲ. ಅವನು ಇಲ್ಲೇ ಇರುತ್ತಾನೆ. ಆದರೆ ಅವನಿಗೆ ಸಮಾಧಾನವಿಲ್ಲ. ಡಾಕ್ಟರು ಇನ್ನೂ ಕೆಲವು ದಿನ ತಟ್ಟಬಾರದು ಅಂದಿದ್ದಾರೆ, ಅಂಗಡಿಯ ಹೆಂಗಸರು ಆರಾಮಾಗಿದ್ದಾರೆ. ಮೊನ್ನೆ ಹಿತ್ತಿಲಲ್ಲಿ ಯಾರಿಗೂ ಕಾಣದ ಹಾಗೆ ಮೆಲ್ಲಗೆ ತಟ್ಟಿ ನೋಡಿದೆ. ಹತ್ತಿಯಿಂದ ಎದ್ದು ಬಂದು ನಿಂತ, ಕಿವಿ ನೆಟ್ಟಗೆ ಮಾಡಿ. ನನ್ನನ್ನು ನೋಡಲಿಲ್ಲ, ನನ್ನನ್ನು ದಾಟಿ ಹಿಂದೆ ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಹೋಗಿ ಮತ್ತೆ ಮಲಗಿದ. ಚಪ್ಪಾಳೆ ನನ್ನದೇ ಇರಬಹುದು, ಅವನು ಹುಡುಕಿದ್ದು ನನ್ನನ್ನಲ್ಲ.

ಅದಕ್ಕೇ ಮನೆಯಲ್ಲಿ ಇನ್ನಷ್ಟು ಬದಲಾವಣೆ ಮಾಡಿಸಿದ್ದೇನೆ. ನಾಯಿಗೆ. ಹಿತ್ತಿಲ ಬಾಗಿಲಿನ ಗುಂಡು ಹಿಡಿ, ಚಿಲಕ ಎರಡನ್ನೂ ತೆಗೆಸಿ ಉದ್ದನೆಯ ಹಿಡಿ ಹಾಕಿಸಿದೆ, ಮೇಲಿಂದ ಒತ್ತಿದರೆ ತೆರೆಯುತ್ತದೆ. ಹಿತ್ತಿಲ ಪಕ್ಕದ ಕೋಣೆಗೂ ಅದೇ. ಅಲ್ಲಿ ಹತ್ತಿ ಮೂಟೆ ಇರುತ್ತಿತ್ತಲ್ಲ, ಖಾಲಿ ಮಾಡಿಸಿ ಸುಣ್ಣ ಹೊಡೆಸಿದೆ. ಬಚ್ಚಲಿನ ನಲ್ಲಿಗಳಿಗೆ ಆಸ್ಪತ್ರೆಯಲ್ಲಿರುವಂಥ ಉದ್ದ ಹಿಡಿ. ದೀಪದ ಸ್ವಿಚ್ಚು ಅಂಗೈಯಗಲ. "ಅತ್ತೆ, ಯಜಮಾನ ನಲ್ಲಿ ಬೇರೆ ತಿರುಗಿಸ್ತಾನಾ?" ಅಂತ ಸೊಸೆ ಕೇಳಿದಳು. "ತಿರುಗಿಸದೆ ಏನು, ದೀಪಾನೂ ಹಾಕ್ತಾನೆ" ಅಂದೆ. ಅವಳು ನಗಲಿಲ್ಲ. ಒಳಗೆ ಹೋಗಿ ಆ ಕೋಣೆಯ ಕಿಟಕಿಗೆ ಹೊಸ ಪರದೆ ಕಟ್ಟಿ ಬಂದಳು.

ಸೂಜಿ ಹಿಡಿಯಲು ನಿನ್ನನ್ನು ಕರೆದವರು ಯಾರು? ಬೆರಳೆಲ್ಲ ಇದ್ದಾಗಲೂ ನಿನ್ನ ಹೊಲಿಗೆಯನ್ನು ನಾನು ಬಿಚ್ಚಿಯೇ ಹೊಲಿಯುತ್ತಿದ್ದದ್ದು. ನಾಯಿ ಓಡಿಸುವವರು ಬೇಕು. ನನ್ನ ಕೈಯಲ್ಲಿ ಆಗುವುದಿಲ್ಲ, ಮಗನಿಗೆ ಹೆದರಿಕೆ. ಪಟ್ಟೆಬಟ್ಟೆಯಲ್ಲಿ ಸೊಂಟಕ್ಕೆ ಒಂದು ಪಟ್ಟಿ ಹೊಲಿದಿದ್ದೇನೆ, ನಾಯಿಯ ಹಗ್ಗ ಅದಕ್ಕೇ ಸಿಕ್ಕಿಸುವುದು, ಕೈಯ ಕೆಲಸವಿಲ್ಲ. ಕಟ್ಟು ಬಿಚ್ಚಿದ ಕೈಯಲ್ಲಿ ಹೊಲಿದದ್ದು, ಸೊಟ್ಟಗಿದೆ. ನನ್ನ ಸೊಂಟಕ್ಕೆ ಹಿಡಿಯಲಿಲ್ಲ. ನೀನು ಮೊದಲಿನ ಹಾಗೇ ಕಡ್ಡಿಯಾಗಿದ್ದರೆ ಸರಿಹೋಗುತ್ತದೆ. ನೀನು ಅವನ ಹಿಂದೆ ನಿಲ್ಲು, ತಟ್ಟುವುದು ನನಗೆ ಬಿಡು.

ತುಪ್ಪಳದ ಲಾರಿಯವನಿಗೆ ಹೇಳಿ ಕಳಿಸಿದ್ದೇನೆ, ಮುಂದಿನ ಸಲ ಬರುವಾಗ ಮುಂದಿನ ಸೀಟು ಖಾಲಿ ಇಟ್ಟುಕೊಳ್ಳುತ್ತಾನೆ. ಮೂರನೆಯ ಲಾರಿಗೆ ಕಾಯಬೇಡ.

ಇಲ್ಲಿ ಬಂದು ಯಾರನ್ನೂ ಕೂಗಬೇಕಾಗಿಲ್ಲ. ಬಾಗಿಲ ಹಿಡಿಯನ್ನು ಮೊಣಕೈಯಿಂದ ಒತ್ತಿದರೆ ಸಾಕು. ಯಜಮಾನ ಎರಡೇ ದಿನದಲ್ಲಿ ಕಲಿತ. ನೀನು ಅವನಿಗಿಂತ ಹಟಮಾರಿ, ಒಂದು ವಾರ ಬೇಕಾದೀತು.

ಅಕ್ಕ